ಚೌಕಟ್ಟಿನ ಹೊರಗಿಟ್ಟದ್ದು

ಬಿಳಿ ಕಾರು ಇವತ್ತೂ ಬಂದು ನಿಂತಿತು. ಗಾಜು ಇಳಿಯಲಿಲ್ಲ, ಎಂಜಿನ್ ಆರಲಿಲ್ಲ. ಫೋಟೋಗ್ರಾಫರ್ ದೀಪೇಶ್ ಕ್ಯಾಮೆರಾದ ಪಟ್ಟಿಯನ್ನು ಕೈಗೆ ಬಿಗಿಯಾಗಿ ಸುತ್ತಿಕೊಂಡ.

ಕಾರು ಬಿಲ್ಡರ್ ಚಿತ್ತರಂಜನನದು. ಶಕ್ತಿನಗರದ ಹಿಂದಿನ ಈ ಗುಡ್ಡದ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು. ಆದರೆ ಗುಡ್ಡದಲ್ಲಿ ಬುಟ್ಟಿ ಹೆಣೆಯುವ ಕೊರಗ ಸಮುದಾಯದವರ ಮನೆಗಳಿದ್ದವು. ಅಜ್ಜನ ಕಾಲದ ಮನೆಗಳೆಂದು ಅವರು, ನಿನ್ನೆ ಮೊನ್ನೆಯ ಗುಡಿಸಲುಗಳೆಂದು ಅವನು; ವ್ಯಾಜ್ಯ ಕೋರ್ಟಿನಲ್ಲಿತ್ತು. ಇವರ ಪಾಡು ನಾಲ್ಕು ಜನರಿಗೆ ಕಂಡರೆ ಯಾರೂ ಇವರನ್ನು ಎಬ್ಬಿಸಲಾರರು ಎಂದು ದೀಪೇಶ್ ಮನಸಾರೆ ನಂಬಿದ್ದ. ಅನ್ಯಾಯ ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಆದರೆ ನೋಡಿದವರ ಕರುಳು ಚುರುಕ್ ಎನ್ನಬೇಕಲ್ಲ? ಮುದುಕಿ ಕಿನ್ನಿಯ ಅಂಗಳದಿಂದ ಪ್ಲಾಸ್ಟಿಕ್ ಕುರ್ಚಿ, ಸೈಕಲ್ಲು, ಮಿಕ್ಸಿ ಎಲ್ಲವನ್ನೂ ಹಿಂದಕ್ಕೆ ಸಾಗಿಸಿದ. ಮನೆ ನಂಬರಿನ ತಗಡು ಕಾಣದಂತೆ ಅದಕ್ಕೆ ಕಿನ್ನಿಯನ್ನೇ ಒರಗಿಸಿ ನಿಲ್ಲಿಸಿದ. ಕರೆಂಟು ಮೀಟರಿಗೆ ಗೋಣಿ ಹೊದಿಸಿದ.

ಕಾರಿನ ಗಾಜು ಆಗ ಮೊದಲ ಬಾರಿ ಇಳಿಯಿತು.

“ಮೀಟರ್ ಮುಚ್ಚುವುದು ಎಂತಕ್ಕೆ ಮಾರಾಯ?” ಕಿನ್ನಿ ಕೇಳಿದಳು. “ಅದಕ್ಕಾಗಿ ನನ್ನ ಗಂಡ ಎಷ್ಟು ಅಲೆದಿದ್ದಾರೆ, ಗೊತ್ತುಂಟಾ?”

“ಮೀಟರ್ ಕಂಡರೆ ಯಾರಿಗೂ ಅಯ್ಯೋ ಪಾಪ ಅನ್ನಿಸುವುದಿಲ್ಲ ಕಿನ್ನಿಯಕ್ಕ. ನಿಮ್ಮ ಮನೆ ಉಳಿಯಬೇಕಲ್ಲ?”

ಕಿನ್ನಿ ಗೋಣಿಯನ್ನೇ ನೋಡುತ್ತ ನಿಂತಳು. ಆ ಮುಖ ಚಿತ್ರದಲ್ಲಿ ಬಹಳ ಚೆನ್ನಾಗಿ ಬಂತು.

ಬಂದರಿನ ಹಳೆಯ ಗೋದಾಮೊಂದರಲ್ಲಿ ಪ್ರದರ್ಶನ ನಡೆಯಿತು. ಬಂದವರು ಕಣ್ಣೊರೆಸಿಕೊಂಡರು. ಸಂಜೆ ಚಿತ್ತರಂಜನನೇ ಒಳಗೆ ಬಂದಾಗ ದೀಪೇಶ್ ಕ್ಯಾಮೆರಾವನ್ನು ಎದೆಗವಚಿಕೊಂಡ. ಚಿತ್ರ ಹರಿಯುತ್ತಾನೋ, ಕ್ಯಾಮೆರಾ ಒಡೆಯುತ್ತಾನೋ? ಅವನು ಎರಡನ್ನೂ ಮಾಡಲಿಲ್ಲ. ಒಂದೊಂದು ಚಿತ್ರದ ಮುಂದೂ ನಿಂತು ಆರಾಮವಾಗಿ ನೋಡಿದ.

“ಇದರಲ್ಲಿ ಸುಳ್ಳು ಎಂತದೂ ಇಲ್ಲವಲ್ಲ?” ಎಂದು ನೆರೆದವರಿಗೆಲ್ಲ ಕೇಳಿಸುವಂತೆ ವಿಚಾರಿಸಿದ.

“ಒಂದು ಚೂರೂ ಇಲ್ಲ. ಬೇಕಾದರೆ ಕೋರ್ಟಿನಲ್ಲೂ ಹೇಳ್ತೇನೆ.”

“ಹೇಳಬೇಕು,” ಎಂದು ಚಿತ್ತರಂಜನ ಅವನ ಬೆನ್ನು ತಟ್ಟಿದ.

ಸಾಕ್ಷಿ ಹೇಳಲು ಕರೆ ಬಂದೇಬಂತು. ದೀಪೇಶ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೆಮ್ಮೆಯಿಂದಲೇ ಹೋದ. ಮುಂದಿನ ಬೆಂಚಿನಲ್ಲಿ ಕುಳಿತಿದ್ದ ಕಿನ್ನಿ ತಮ್ಮವನೊಬ್ಬ ಬಂದನೆಂದು ನಕ್ಕಳು. ಅವನು ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿದ. ಪ್ರದರ್ಶನದ ಚಿತ್ರಗಳನ್ನೆಲ್ಲ ನ್ಯಾಯಾಧೀಶರ ಮೇಜಿನ ಮೇಲೆ ಹರಡಿದ್ದರು.

ಪ್ರಶ್ನೆ ಕೇಳಲು ಎದ್ದವನು ಚಿತ್ತರಂಜನನ ವಕೀಲ: “ಮೀಟರ್ ಇಲ್ಲ, ಮನೆ ನಂಬರ್ ಇಲ್ಲ, ಬದುಕಿದ ಗುರುತೇ ಇಲ್ಲದ ನಿನ್ನೆ ಮೊನ್ನೆಯ ಗುಡಿಸಲುಗಳು, ಇದು ಸತ್ಯವೆಂದು ಎಲ್ಲರೆದುರು ಹೇಳಿದವರು ನೀವೇ ಅಲ್ಲವೇ?”