ಅಕ್ಕನ ಜಾಮೀನು

ತಮ್ಮ ಗೋಡೆ ಹಿಡಿದುಕೊಂಡು ಬಚ್ಚಲುಮನೆಯಿಂದ ಹೊರಬಂದ. ಮುಖ, ಕುತ್ತಿಗೆ, ಕಿವಿಯೆಲ್ಲ ಕೆಂಪು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮತ್ತೆ ವಾಂತಿ.

"ಎದೆ ಹೊಡ್ಕೊಳ್ತಿದೆ ಅಕ್ಕ."

"ಕುಡಿದ್ಯಾ?"

"ಇಲ್ಲ. ನಿನ್ನಾಣೆ."

ಅಕ್ಕ ಗಡಿಯಾರ ನೋಡಿದಳು. ಮಧ್ಯಾಹ್ನದ ಊಟ ಮುಗಿದು ಕಾಲು ಗಂಟೆಯಾಗಿತ್ತು. ಅವನ ತೋಳನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ಬಾಡಿಗೆ ಕಾರು ಆಗಲೇ ಬಾಗಿಲಲ್ಲಿ ನಿಂತಿತ್ತು.

ತಮ್ಮ ಶಾಲಾ ಬಸ್ಸಿನ ಚಾಲಕನಾಗಿದ್ದ. ಕುಡಿತದಿಂದ ಕೆಲಸ ಕಳೆದುಕೊಂಡು ವರ್ಷವಾಗಿತ್ತು. ಕುಡಿತ ಬಿಡಿಸುವ ಡಾಕ್ಟರು ಕೊಟ್ಟ ಮಾತ್ರೆಯನ್ನು ಎಂಟು ತಿಂಗಳಿಂದ ನುಂಗುತ್ತಿದ್ದ. ಅದರ ಮೇಲೆ ಮದ್ಯ ಬಿದ್ದರೆ ಮೈ ಹೀಗೇ ತಿರುಗಿಬೀಳುತ್ತದೆ. ಆ ಹೆದರಿಕೆಯೇ ಮದ್ದು. ಮೊದಲ ದಿನವೇ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಒಂದು ಗುಟುಕೂ ಕೂಡದು, ಜೀವಕ್ಕೇ ಕುತ್ತು ಬಂದೀತು. ಕೆಮ್ಮಿನ ಔಷಧಿಯನ್ನೂ ಕೇಳದೆ ಕುಡಿಯಬಾರದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರ ಜೋಪಾನ. ಅಕ್ಕ ಎಲ್ಲಕ್ಕೂ ತಲೆಯಾಡಿಸಿ, ಮಾತ್ರೆಯನ್ನು ನಾಲಗೆಯಡಿ ಇಟ್ಟುಕೊಂಡು ಆಮೇಲೆ ಉಗುಳುವವರೂ ಇರುತ್ತಾರೆಯೇ ಎಂದು ಕೇಳಿದ್ದಳು. ಇರುತ್ತಾರೆ ಎಂದಿದ್ದರು ಡಾಕ್ಟರು.

ಅಂದಿನಿಂದ ದಿನಾ ಬೆಳಿಗ್ಗೆ ಅವಳೆದುರೇ ಮಾತ್ರೆ. ಅವಳ ಮಾತಿನ ಮೇಲೆಯೇ ಶಾಲೆಯವರು ಸೋಮವಾರದಿಂದ ಅವನಿಗೆ ಮತ್ತೆ ಬಸ್ಸು ಕೊಡಲು ಒಪ್ಪಿದ್ದರು. ಬಸ್ಸಿನಲ್ಲಿ ನಲವತ್ತು ಮಕ್ಕಳು. ಅವರಲ್ಲಿ ಅವಳ ಮಗಳೂ ಒಬ್ಬಳು. ಇಂದು ಭಾನುವಾರ. ಬೆಳಿಗ್ಗೆ ಬಸ್ಸನ್ನೊಮ್ಮೆ ನೋಡಿ ಬರುತ್ತೇನೆಂದು ಗ್ಯಾರೇಜಿಗೆ ಹೋದ ತಮ್ಮ, ಹೇಳಿದ್ದಕ್ಕಿಂತ ಎರಡು ಗಂಟೆ ತಡವಾಗಿ ಬಂದಿದ್ದ. ಬಂದವನೇ ಊಟಕ್ಕೆ ಕೂತಿದ್ದ.

ಆಸ್ಪತ್ರೆ ಸೇರುವಾಗ ಅವನ ರಕ್ತದೊತ್ತಡ ತೀರಾ ಇಳಿದುಹೋಗಿತ್ತು. ಮಾತ್ರೆಯ ವಿವರವಿದ್ದ ಚೀಟಿಯನ್ನು ಜೇಬಿನಿಂದ ತಾನೇ ತೆಗೆದುಕೊಟ್ಟ. ಸಲೈನ್ ಏರಿಸಿದರು, ಆಮ್ಲಜನಕ ಹಾಕಿದರು. ರಕ್ತದಲ್ಲಿ ಮದ್ಯ ಸಿಕ್ಕಿತು. ಹೆಚ್ಚಲ್ಲ, ಆದರೆ ಇತ್ತು. ಕೆಮ್ಮಿನ ಔಷಧಿ ಕುಡಿದಿರಾ, ಹೊರಗೆಲ್ಲಾದರೂ ತಿಂದಿರಾ ಎಂದು ಅಲ್ಲಿನ ಡಾಕ್ಟರು ಕೇಳಿದರು.

"ಅಕ್ಕನ ಕೈಯಡುಗೆ ಬಿಟ್ಟು ಬೇರೇನೂ ಬಾಯಿಗೆ ಹಾಕಿಲ್ಲ ಸಾರ್."

ನರ್ಸ್ ಮುಖ ತಿರುಗಿಸಿ ನಕ್ಕಳು. ಇಂಥ ಮಾತು ಅವಳಿಗೆ ಹೊಸದಲ್ಲ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

ಐದು ಗಂಟೆಗೆ, ಇನ್ನು ಜೀವಕ್ಕೇನೂ ಭಯವಿಲ್ಲ ಎಂದರು. ಆರು ಗಂಟೆಗೆ ಶಾಲೆಯ ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿದರು. ಕಾರಿನವನಿಂದ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಬಸ್ಸನ್ನು ಬೇರೆಯವರಿಗೆ ಕೊಟ್ಟಾಯಿತು, ನಿಮ್ಮ ತಮ್ಮ ಇನ್ನು ಗೇಟಿನ ಹತ್ತಿರವೂ ಸುಳಿಯುವುದು ಬೇಡ ಎಂದರು. ಹೆತ್ತವರಿಗಿಂತ ಹೆಚ್ಚಾಗಿ ನೋಡಿಕೊಂಡಿರಿ, ನಿಮ್ಮದೇನೂ ತಪ್ಪಿಲ್ಲ ಎಂದೂ ಸೇರಿಸಿದರು. ಅಕ್ಕ "ಸರಿ ಮೇಡಂ" ಎಂದಷ್ಟೇ ಹೇಳಿದಳು.

ತಮ್ಮನಿಗೆ ಎಲ್ಲವೂ ಕೇಳಿಸಿತ್ತು.

"ಕುಡಿದಿರ್ಲೇಬೇಕು ಅಕ್ಕ," ಎಂದ. "ಮುಂಚೆನೂ ಎಷ್ಟೋ ಸಲ ಕುಡಿದಿದ್ದು ನೆನಪೇ ಇರ್ತಿರ್ಲಿಲ್ಲ. ನಾನು ಸುಳ್ಳು ಹೇಳಬಹುದು, ರಕ್ತ ಹೇಳುತ್ತಾ? ನಿನ್ನ ಮಾತಿಗೂ ಬೆಲೆ ಇಲ್ದಂಗೆ ಮಾಡ್ಬಿಟ್ಟೆ."

ಅವನು ಮಾತ್ರೆ ನುಂಗುತ್ತಿದ್ದಾನೋ ಉಗುಳುತ್ತಿದ್ದಾನೋ ಸೋಮವಾರದೊಳಗೆ ತಿಳಿಯಲೇಬೇಕೆಂದು ಮಧ್ಯಾಹ್ನದ ಊಟದಲ್ಲಿ ಅವನ ಸೂಪಿಗೆ ಎರಡು ಚಮಚ ಬ್ರಾಂದಿ ಬೆರೆಸಿದವಳು ತಾನೇ ಎಂದು ಹೇಳಲು ಅಕ್ಕ ಬಾಯಿ ತೆರೆದಳು. "ಹೋಗ್ಲಿ ಬಿಡು, ಮಲಕ್ಕೋ" ಎಂಬ ಮಾತಷ್ಟೇ ಹೊರಬಂತು.