ಒಂಬತ್ತನೆಯ ದಿನದ ಕಾರ್ಡು

ಹೊನ್ನಪ್ಪ ಆಧಾರ್ ಕಾರ್ಡನ್ನು ಠಾಣೆಯ ಮೇಜಿನ ಮೇಲಿಟ್ಟಾಗ ರಫೀಕುಲ್‌ನನ್ನು ಪೊಲೀಸರು ಹಿಡಿದೊಯ್ದು ಒಂಬತ್ತು ದಿನವಾಗಿತ್ತು.

"ಸಾ, ಇವ್ನು ಬಾಂಗ್ಲಾದೇಶದೋನಲ್ಲ. ನಮ್ಮ ಪಶ್ಚಿಮ ಬಂಗಾಳದೋನು. ಆರು ವರ್ಸದಿಂದ ಅರಕೆರೇಲಿ ನಮ್ಮ ಗದ್ದೆಗೇ ನಾಟಿಗೆ ಬತ್ತಾವ್ನೆ."

ಸಬ್ ಇನ್ಸ್‌ಪೆಕ್ಟರ್ ರಘುನಂದನ್ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದ. "ಅಸಲಿನೇ. ಅವತ್ತು ನಾವು ಫೋನ್ ಮಾಡಿದಾಗ ಯಾವ ಕಾರ್ಡೂ ನನ್ನತ್ರ ಇಲ್ಲ ಅಂದ್ರಲ್ಲ?"

ಹೊನ್ನಪ್ಪ ತಲೆ ತಗ್ಗಿಸಿದ. ನಾಟಿಗೆ ಬಂದವರ ಕಾರ್ಡುಗಳನ್ನು ಅವನು ಮೊದಲ ದಿನವೇ ಇಸಿದುಕೊಂಡು ಬೀರುವಿನಲ್ಲಿಡುತ್ತಿದ್ದ. ಇಲ್ಲದಿದ್ದರೆ ಪಕ್ಕದ ಗದ್ದೆಯವರು ಹೆಚ್ಚು ಕೂಲಿಯ ಆಸೆ ತೋರಿಸಿ ಗುಂಪನ್ನೇ ಎಳೆದುಕೊಳ್ಳುತ್ತಾರೆ.

"ಎದ್ರಿಕೆ ಆಯ್ತು ಸಾ. ಕಾರ್ಡು ಮಡಿಕಂಡಿದ್ದುಕ್ಕೆ ಕೇಸ್ ಆಕ್ಬುಟ್ರೆ ಅಂತ."

"ಮಾರನೇ ದಿನ ಬರಬೋದಿತ್ತಲ್ಲ."

"ಇನ್ನೂ ಎರಡೆಕ್ರೆ ನಾಟಿ ಉಳ್ಕಂಡಿತ್ತು. ಒಂದು ಕಾರ್ಡು ಈಚೆ ತೆಗುದ್ರೆ ಮಿಕ್ಕ ಆಳುಗೋಳೂ ಅವರವ್ರದ್ದು ಇಸ್ಕಂಡು ಓಗ್ಬುಡೋರು."

"ನೀವು ನಿಮ್ಮ ಗದ್ದೆ ನೋಡ್ಕೊಂಡ್ರಿ. ಡೆಲ್ಲಿಯವರು ಅವರದ್ದು ನೋಡ್ಕೊಂಡ್ರು. ನುಸುಳಿ ಬಂದವರ ಪಟ್ಟಿಗೆ ಹೆಸರು ಸೇರಿಸಿ ಅವನನ್ನ ಗಡಿ ದಾಟಿಸಿ ಎರಡು ದಿನ ಆಯ್ತು."

ಹೊನ್ನಪ್ಪ ಕೈ ಮುಗಿದ. "ವಾಪಸ್ ಕರ್ಸಿ ಸಾ. ಒಂದೆಸ್ರು ಒಡುದ್ರೆ ದೇಸುಕ್ಕೇನು ಕಮ್ಮಿಯಾದದು?"

"ಬರೋ ವಾರ ಎರಡೂ ದೇಶಗಳ ಮಾತುಕತೆ ಇದೆ. ಬಾಂಗ್ಲಾದವರು ಚೀನಾದ ಮಗ್ಗುಲಿಗೆ ಹೋಗ್ತಿದ್ದಾರೆ ಅಂತ ನಮ್ಮವರಿಗೆ ಸಿಟ್ಟು. ಹೆದರಿಸೋಕೆ ಕೈಲೊಂದು ಪಟ್ಟಿ ಬೇಕು. ಒಂದು ಹೆಸರು ತಪ್ಪು ಅಂತ ಒಪ್ಪಿದ್ರೆ ಪಟ್ಟಿಯೆಲ್ಲಾ ಸುಳ್ಳು ಅಂತಾರೆ ಆ ಕಡೆಯವರು. ಯಾರು ಒಪ್ತಾರೆ ಹೇಳಿ?"

ಹೊನ್ನಪ್ಪನ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು.

"ಅಣ್ಣಾ, ನಾನು ರಫೀಕು." ಆರು ನಾಟಿಗಳಲ್ಲಿ ಕಲಿತ ಕನ್ನಡ. "ಇಲ್ಲಿಯೋರು ನೀ ಇಂಡಿಯಾದೋನು, ಓಗು ಅಂತಾವ್ರೆ. ಆ ಕಡೆ ಓದ್ರೆ ನಮ್ಮೋರೇ ಬಂದೂಕ ತೋರುಸ್ತಾವ್ರೆ. ಯಾರೋ ಪುಣ್ಯಾತ್ಮ ಫೋನ್ ಕೊಟ್ಟವ್ನೆ. ಪೊಲೀಸ್ನೋರ್ಗೆ ಕಾರ್ಡು ತೋರ್ಸಣ್ಣ."

ಹೊನ್ನಪ್ಪ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟ. "ನೀವೇ ಕೇಳಿ ಸಾ. ಇದು ಯಾವ ದೇಸದ ಮಾತು? ಮಂಡ್ಯದ ಮಾತಲ್ವಾ?"

ರಘುನಂದನ್ ಪರದೆಯ ಮೇಲಿದ್ದ ನಂಬರನ್ನೇ ನೋಡುತ್ತಿದ್ದ. ಫೋನನ್ನು ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್‌ನ ಕಡೆ ಸರಿಸಿ ಅವನ ಕಿವಿಯ ಹತ್ತಿರ ಬಗ್ಗಿದ.

"ಬಾಂಗ್ಲಾದೇಶದ ನಂಬರು. ಅವನು ಅಲ್ಲಿಯವನೇ ಅನ್ನೋಕೆ ಇನ್ನೇನು ದಾಖಲೆ ಬೇಕು? ಫೈಲಿಗೆ ಬರ್ಕೊ."

ಕಾನ್‌ಸ್ಟೇಬಲ್ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾ ಬರೆದುಕೊಂಡ.

"ಊಂ ಸಾ, ಅದೇ ನಂಬ್ರು," ಎಂದ ರಫೀಕುಲ್. "ಸರ್ಯಾಗಿ ಬರ್ಕಳಿ ಸಾ."