ಮೂವತ್ತೊಂದನೆಯ ಹಾಡು

ಹೊಸಬರ ಹಾಡುಗಳನ್ನು ಹುಡುಕಿ ರೇಡಿಯೊದಲ್ಲಿ ಕೇಳಿಸುವುದು ವಾರಿಜಾಳ ಕೆಲಸ. ಅಂದು ಮೂವತ್ತು ಹಾಡು ತಳ್ಳಿಹಾಕಿದವಳಿಗೆ ಮೂವತ್ತೊಂದನೆಯದು ಕೇಳಿ ಮೈ ಜುಮ್ಮೆಂದಿತು.

"ಯಾರೋ ಈ ಹುಡುಗಿ?"

"ಹೆಸರು ಹಾಕಿಲ್ಲ ಮೇಡಂ," ಎಂದ ಜೊತೆಗೆ ಕೂತಿದ್ದ ನವಾಜ್. "ಮನೇಲೇ ರೆಕಾರ್ಡ್ ಮಾಡಿದಾಳೆ. ಕೊನೇಲಿ ಅವರಮ್ಮ ಇರ್ಬೇಕು, ಬೈಯೋದು ಸಣ್ಣಗೆ ಕೇಳ್ಸತ್ತೆ. ಕತ್ತರಿಸ್ಲಾ?"

"ಬೇಡ, ಇರ್ಲಿ. ಅದೆಂಥ ತಾಯಿ ಅಂತ ಊರೆಲ್ಲ ಕೇಳ್ಲಿ."

ಅಂದ ಮೇಲೆ ಅವಳಿಗೇ ಅಳುಕಾಯಿತು. ತನ್ನ ಮಗಳ ಜೊತೆ ಕೂತು ಮಾತಾಡಿ ಎಷ್ಟು ವಾರವಾಯಿತು? ಇವತ್ತಾದರೂ ಬೇಗ ಮನೆಗೆ ಹೋಗಬೇಕು ಅಂದುಕೊಳ್ಳುತ್ತ ಸದ್ದು ಏರಿಸಿದಳು.

ಹಾಡಿನ ಕೊನೆಯಲ್ಲಿ ಗಿಟಾರ್ ತಟ್ಟನೆ ನಿಂತಿತು. ಮುಚ್ಚಿದ ಬಾಗಿಲಿನಾಚೆಯಿಂದ ವಾರಿಜಾಳದೇ ದನಿ ಕಿರುಚಿತು: "ನಿಲ್ಲಿಸೇ ಆ ಗೋಳು! ನಾನಿಲ್ಲಿ ಹೊಸಬರ ಹಾಡು ಕೇಳ್ಬೇಕು!"